ಚಂದ್ರಗಿರಿ ಕೋಟೆಯ ಬೆಕ್ಕು

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಹೊರಟು ಚಂದ್ರಗಿರಿ ಸೇತುವೆಯನ್ನು ದಾಟಿದರೆ ಮೇಲ್ಪರಂಬ. ಅಲ್ಲಿಂದ ಗುಡ್ಡದ ಕಡೆಗೆ ತಿರುಗುವ ದಾರಿ ಚಂದ್ರಗಿರಿ ಕೋಟೆಯನ್ನು ಮುಟ್ಟುತ್ತದೆ. ಬೇಕಲದ ಕೋಟೆಯನ್ನು ನೋಡಲು ಧಾವಿಸುವ ಪ್ರವಾಸಿಗರಲ್ಲಿ ಹೆಚ್ಚಿನವರು ಈ ತಿರುವನ್ನು ಗಮನಿಸುವುದೇ ಇಲ್ಲ. ಆದುದರಿಂದ ಇಲ್ಲಿ ಜನಸಂದಣಿ ಇಲ್ಲ, ಕಡಲೆ ಮಾರುವವರ ಕೂಗೂ ಇಲ್ಲ. ಕಪ್ಪುಗಟ್ಟಿದ ಮುರಕಲ್ಲಿನ ಗೋಡೆಗಳು, ಅವುಗಳ ಬಿರುಕಿನಲ್ಲಿ ಬೇರಿಳಿಸಿದ ಗಿಡಗಳು, ಕೆಳಗೆ ಕಡಲನ್ನು ಸೇರುವ ನದಿ ಮತ್ತು ಆಗಾಗ ಕೇಳಿಬರುವ ರೈಲಿನ ಸದ್ದು. ಇಷ್ಟೇ ಅಲ್ಲಿಯ ವೈಭವ.

ಇಕ್ಕೇರಿಯ ಅರಸರು ಹದಿನೇಳನೆಯ ಶತಮಾನದಲ್ಲಿ ಈ ಕರಾವಳಿಯುದ್ದಕ್ಕೂ ಕಟ್ಟಿಸಿದ ಕೋಟೆಗಳಲ್ಲಿ ಇದೂ ಒಂದು. ಶಿವಪ್ಪನಾಯಕನ ಹೆಸರು ಇದರೊಡನೆ ಸೇರಿಕೊಂಡಿದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಪಯಸ್ವಿನಿಯೆಂದು ಹರಿದು ಬರುವ ಈ ನದಿಯನ್ನು ಹಿಂದಿನವರು ತುಳುನಾಡಿನ ತೆಂಕಣ ಗಡಿಯೆಂದು ಎಣಿಸುತ್ತಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ನದಿಯ ಬಡಗು ಭಾಗವು ಮೈಸೂರಿಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತು. ಅದು ಕಾಗದದಲ್ಲಿಯೇ ಉಳಿಯಿತು. ಕೋಟೆಯ ಗೋಡೆಯ ಮೇಲೆ ನಿಂತು ಆ ನೀರನ್ನು ನೋಡುವಾಗ ನಮ್ಮ ಹಿರಿಯರ ನಿಟ್ಟುಸಿರು ನೆನಪಾಗುವುದುಂಟು. ಆದರೆ ಕಳೆದ ಬೇಸಗೆ ರಜೆಯಲ್ಲಿ ನಾನು ಅಲ್ಲಿಗೆ ದಿನವೂ ಹೋದದ್ದು ಇತಿಹಾಸಕ್ಕಾಗಿ ಅಲ್ಲ, ಒಂದು ಬೆಕ್ಕಿಗಾಗಿ.

ವಿಷು ಕಳೆದ ಮರುದಿನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೆಯ ತರಗತಿಯನ್ನು ಮುಗಿಸಿದ್ದಳು. ಆ ವರ್ಷದ ನಡುವಿನಲ್ಲಿ ಅವಳ ತರಗತಿಗೆ ಕನ್ನಡ ಬಾರದ ಶಿಕ್ಷಕರೊಬ್ಬರು ಬಂದಿದ್ದರು. ಅವರು ಕೆಟ್ಟವರಲ್ಲ, ಅವರನ್ನು ಅಲ್ಲಿಗೆ ಕಳುಹಿಸಿದ ವ್ಯವಸ್ಥೆಯದು ತಪ್ಪು. ಆದರೆ ಕೇಳಿದ ಪ್ರಶ್ನೆ ಅರ್ಥವಾಗದೆ, ಹೇಳಿದ ಉತ್ತರ ಅವರಿಗೆ ತಿಳಿಯದೆ, ಮಗಳು ಮೆಲ್ಲಮೆಲ್ಲನೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ಮನೆಯಲ್ಲಿಯೂ ಮಾತು ಕಡಿಮೆಯಾಗಿತ್ತು. ಪ್ರತಿ ಸಂಜೆ ನಾನು, “ಇವತ್ತಾದರೂ ಮಾತಾಡಿದೆಯಾ?” ಎಂದು ಪಾಟೀಸವಾಲು ಹಾಕುವವನಂತೆ ಕೇಳುತ್ತಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು.

ಬತ್ತಿದ ಬಾವಿಯ ಬಳಿ ಆ ಬೆಕ್ಕನ್ನು ಮೊದಲು ಕಂಡವಳು ಅವಳೇ. ಬೂದು ಮೈ, ಕಪ್ಪು ಪಟ್ಟೆ, ಇನ್ನೂ ಪೂರ್ತಿ ಬೆಳೆಯದ ಹೆಣ್ಣು ಬೆಕ್ಕು. ನಮ್ಮನ್ನು ಕಂಡೊಡನೆ ಕಲ್ಲುಗಳ ಸಂದಿಗೆ ನುಗ್ಗಿತು. ಅದರ ಕುತ್ತಿಗೆಗೆ ಮೀನುಬಲೆಯ ನೈಲಾನ್ ನೂಲಿನ ಉರುಳೊಂದು ಬಿಗಿದಿತ್ತು. ನೂಲು ತಾಗುವಲ್ಲಿ ರೋಮ ಉದುರಿತ್ತು. ಗಾಯ ಇನ್ನೂ ಆಗಿರಲಿಲ್ಲ. ಬೆಕ್ಕು ಬೆಳೆಯುತ್ತದೆ, ಉರುಳು ಬೆಳೆಯುವುದಿಲ್ಲ. ಅದನ್ನು ಕತ್ತರಿಸದಿದ್ದರೆ ಏನಾಗುವುದೆಂದು ಮಗಳಿಗೆ ವಿವರಿಸಬೇಕಾಗಲಿಲ್ಲ.

ಮೂರನೆಯ ದಿನ ನಾನೊಂದು ಮೂರ್ಖತನ ಮಾಡಿದೆ. ಹುರಿದ ಬಂಗುಡೆಯ ತುಂಡನ್ನಿಟ್ಟು, ಅದು ತಿನ್ನಲು ಬಂದಾಗ ಹಿಂದಿನಿಂದ ಬೈರಾಸು ಹಾಕಿ ಅಮುಕಿ ಹಿಡಿದೆ. ಅರೆಕ್ಷಣದಲ್ಲಿ ಅದು ನನ್ನ ಮೊಣಕೈವರೆಗೆ ಪರಚಿ ಪಾರಾಯಿತು. ಮಗಳು ನನ್ನ ಕೈಯ ರಕ್ತವನ್ನು ನೋಡಲಿಲ್ಲ. ಬೆಕ್ಕು ಓಡಿದ ದಿಕ್ಕನ್ನು ನೋಡುತ್ತಿದ್ದಳು. “ಅದು ಇನ್ನು ಬರುವುದಿಲ್ಲ ಅಪ್ಪಾ” ಎಂದಳು.

ಮಕ್ಕಳಿರುವ ಮನೆಯವರು ತಿಳಿದಿರಬೇಕಾದ ಮಾತೊಂದನ್ನು ಇಲ್ಲಿ ಹೇಳುತ್ತೇನೆ. ಬೆಕ್ಕು ಪರಚಿದರೂ ಕಚ್ಚಿದರೂ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುತ್ತದೆಂಬುದು ತಪ್ಪು ತಿಳಿವಳಿಕೆ. ನನಗೆ ರಕ್ತ ಬಂದಿದ್ದುದರಿಂದ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೊಟ್ಟರು. ಮೊದಲ ದಿನದ ಲಸಿಕೆಯ ಬಳಿಕ 3, 7 ಮತ್ತು 28ನೆಯ ದಿನಗಳಲ್ಲಿಯೂ ಚುಚ್ಚಿಸಿಕೊಂಡೆ. ಬೆಕ್ಕು ಹತ್ತು ದಿನಗಳ ಕಾಲ ಆರೋಗ್ಯವಾಗಿರುವುದೇ ಎಂದು ಗಮನಿಸುವಂತೆಯೂ ವೈದ್ಯರು ಹೇಳಿದರು. ಹೀಗೆ, ಕೋಟೆಗೆ ದಿನವೂ ಹೋಗಲು ನಮಗೆ ಎರಡನೆಯ ಕಾರಣವೂ ದೊರೆಯಿತು.

ಪರಿಚಯದ ಪಶುವೈದ್ಯರಲ್ಲಿ ವಿಚಾರಿಸಿದಾಗ ಅವರು ನಕ್ಕು ಕೆಲವು ಮಾತುಗಳನ್ನು ತಿಳಿಸಿದರು. ಮರಿಬೆಕ್ಕು ಮನುಷ್ಯನಿಗೆ ಸುಲಭವಾಗಿ ಒಗ್ಗುವುದು ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ. ಆ ಅವಧಿಯಲ್ಲಿ ಮನುಷ್ಯನ ಕೈಯನ್ನು ಅರಿಯದ ಬೆಕ್ಕಿಗೆ ನಾವು ಬೇಟೆಗಾರರಂತೆ ಕಾಣುತ್ತೇವೆ. ಆದುದರಿಂದ ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಆಹಾರ ಇಡಬೇಕು. ನಿಂತಿರಬಾರದು, ಕುಳಿತುಕೊಳ್ಳಬೇಕು. ನೆಟ್ಟ ನೋಟ ಬೆಕ್ಕಿನ ಲೋಕದಲ್ಲಿ ಬೆದರಿಕೆ. ನೋಡಿದರೂ ಕಣ್ಣುಗಳನ್ನು ನಿಧಾನವಾಗಿ ಮುಚ್ಚಿ ತೆರೆಯಬೇಕು. ಈ ಕಣ್ಣು ಮುಚ್ಚುವಿಕೆಗೆ ಬೆಕ್ಕುಗಳು ಹಾಗೆಯೇ ಉತ್ತರಿಸುತ್ತವೆ, ಅಂತಹವರ ಬಳಿಗೆ ಬರಲು ಹೆಚ್ಚು ಒಲವು ತೋರುತ್ತವೆ ಎಂಬುದನ್ನು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ್ದಾರೆ. ಹಾಲು ಬೇಡವೆಂದೂ ವೈದ್ಯರು ಹೇಳಿದರು. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಅದು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ಉಪ್ಪು, ಖಾರ, ಎಣ್ಣೆ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನು ಸಾಕು.

ಅಂದಿನಿಂದ ಪ್ರತಿದಿನ ಐದು ಗಂಟೆಗೆ ಬೇಯಿಸಿದ ಬೂತಾಯಿಯೊಂದಿಗೆ ಕೋಟೆಗೆ ಹೋದೆವು. ಮೊದಲ ನಾಲ್ಕು ದಿನ ಬೆಕ್ಕಿನ ಸುಳಿವಿರಲಿಲ್ಲ. ಇಟ್ಟ ಮೀನನ್ನು ಕಾಗೆಗಳು ಒಯ್ದವು. ಐದನೆಯ ದಿನ ಕಲ್ಲಿನ ಸಂದಿಯಲ್ಲಿ ಎರಡು ಕಣ್ಣುಗಳು ಕಂಡವು. ಹತ್ತನೆಯ ದಿನ ಅದು ನಮ್ಮಿಂದ ಇಪ್ಪತ್ತು ಅಡಿ ದೂರದಲ್ಲಿ ಹೊಟ್ಟೆ ನೆಲಕ್ಕೆ ಅಂಟಿಸಿ ತಿಂದಿತು. ಅದು ಆರೋಗ್ಯವಾಗಿರುವುದನ್ನು ಕಂಡು ನನಗೆ ನೆಮ್ಮದಿಯಾಯಿತು.

ಅದನ್ನು ಯಾವ ಭಾಷೆಯಲ್ಲಿ ಕರೆಯಬೇಕೆಂಬುದು ಮಗಳ ಪ್ರಶ್ನೆಯಾಗಿತ್ತು. ಸಪ್ತಭಾಷೆಗಳ ಸಂಗಮಭೂಮಿಯಲ್ಲಿ ಹುಟ್ಟಿದ ಬೆಕ್ಕಲ್ಲವೇ! ಕನ್ನಡದಲ್ಲಿ ಬೆಕ್ಕು, ತುಳುವಿನಲ್ಲಿ ಪುಚ್ಚೆ, ಮಲೆಯಾಳದಲ್ಲಿ ಪೂಚ್ಚ, ಕೊಂಕಣಿಯಲ್ಲಿ ಮಾಜ್ಜರ. ಅವಳು ದಿನಕ್ಕೊಂದು ಭಾಷೆಯಲ್ಲಿ, ಕೇಳಿಯೂ ಕೇಳಿಸದ ದನಿಯಲ್ಲಿ ಕರೆಯುತ್ತಿದ್ದಳು. ಕೋಟೆಯ ಹತ್ತಿರ ವಾಸಿಸುವ ಹಿರಿಯರೊಬ್ಬರು ಸಂಜೆ ಅಲ್ಲಿ ಬಂದು ಕುಳಿತುಕೊಳ್ಳುವುದಿತ್ತು. ಅವರಿಗೆ ಮಲೆಯಾಳವಲ್ಲದೆ ಬೇರೆ ಭಾಷೆ ತಿಳಿಯದು. ಮಗಳು ಒಂದು ಹೆಜ್ಜೆ ಮುಂದಿಡಲು ಆತುರಪಟ್ಟಾಗಲೆಲ್ಲ ಅವರು, “ಪದುಕ್ಕೆ, ಮೋಳೇ, ಪದುಕ್ಕೆ” ಎನ್ನುತ್ತಿದ್ದರು. ನಿಧಾನ, ಮಗಳೇ, ನಿಧಾನ. ಶಾಲೆಯಲ್ಲಿ ಯಾವ ಭಾಷೆಗೆ ಅವಳು ಹೆದರಿದ್ದಳೋ ಅದೇ ಭಾಷೆ ಆ ಬಾವಿಕಟ್ಟೆಯ ಬಳಿ ಮೃದುವಾಗಿ ಕೇಳಿಸುತ್ತಿತ್ತು. ಮೂರನೆಯ ವಾರದಲ್ಲಿ ಅವಳು ಅವರನ್ನು ಮಾಮ ಎಂದು ಕರೆದು, ಅರ್ಧ ಕನ್ನಡ ಅರ್ಧ ಮಲೆಯಾಳದಲ್ಲಿ ಬೆಕ್ಕಿನ ಸುದ್ದಿ ಹೇಳುವುದನ್ನು ನಾನು ಕೇಳಿದೆ, ಕೇಳಿಸದವನಂತೆ ಇದ್ದೆ.

ಮೇ ತಿಂಗಳ ನಡುವಿಗೆ ಬೆಕ್ಕು ಮಗಳಿಂದ ಒಂದು ಮೊಳ ದೂರಕ್ಕೆ ಬಂದಿತು. ನನ್ನಿಂದ ಮಾತ್ರ ಎಂಟು ಅಡಿಗಿಂತ ಹತ್ತಿರಕ್ಕೆ ಬರಲೊಪ್ಪದು. ಬೈರಾಸನ್ನು ಅದು ಮರೆತಿರಲಿಲ್ಲ. ಒಂದು ಸಂಜೆ ಅದು ಬಾಲವನ್ನು ನೆಟ್ಟಗೆ ಎತ್ತಿಕೊಂಡು ಬಂದು ಅವಳ ಮೊಣಕಾಲಿಗೆ ತಲೆ ಉಜ್ಜಿತು. ಅವಳು ಕೈ ಚಾಚಲಿಲ್ಲ. ಆಗಲೇ ನೂಲಿನ ಸುತ್ತ ಚರ್ಮ ಕೆಂಪಾಗಿ ಊದಿಕೊಂಡಿರುವುದು ಕಂಡಿತು. ಮಳೆಗಾಲವೂ ಶಾಲೆಯೂ ಜೂನ್ ಮೊದಲಲ್ಲಿ ಬರುವವು. ನಮಗೆ ಹೆಚ್ಚು ಸಮಯವಿರಲಿಲ್ಲ.

ವೈದ್ಯರ ಸಲಹೆಯಂತೆ ಬಾಗಿಲುಳ್ಳ ಬುಟ್ಟಿಯೊಂದನ್ನು ಒಯ್ದು ಅದರೊಳಗೆ ಮೀನಿಡತೊಡಗಿದೆವು. ಎರಡು ದಿನ ಬೆಕ್ಕು ಹೊರಗೆ ಕುಳಿತು ಯೋಚಿಸಿತು. ಮೂರನೆಯ ದಿನ ಕುತ್ತಿಗೆ ಮಾತ್ರ ಒಳಗೆ. ಏಳನೆಯ ದಿನ ಒಳಹೊಕ್ಕು, ತಿಂದು, ಅಲ್ಲಿಯೇ ಮುಖ ತೊಳೆದುಕೊಂಡಿತು. ಮರುದಿನ ಬಾಗಿಲು ಹಾಕುವುದೆಂದು ನಿಶ್ಚಯಿಸಿದೆವು. ಆ ರಾತ್ರಿ ಮಗಳು ಕೇಳಿದಳು: “ಅಪ್ಪಾ, ನಂಬಿ ಒಳಗೆ ಬಂದಾಗ ಬಾಗಿಲು ಹಾಕಿದರೆ ಅದು ಮೋಸವಲ್ಲವೇ?”

ಹದಿನೆಂಟು ವರ್ಷ ವಕಾಲತ್ತು ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ. ಜೀವಿಗಳಲ್ಲಿ ದಯೆ ತೋರುವುದು ಪೌರನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ಅವೆರಡೂ ನನಗೆ ಕಂಠಪಾಠ. ಆದರೆ ಅವಳ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. “ಮೋಸವೆಂದೇ ಅದಕ್ಕೆ ತೋರಬಹುದು. ಆಮೇಲೆ ನಾವು ಮತ್ತೆ ಮೊದಲಿನಿಂದ ಆರಂಭಿಸಬೇಕು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆರಂಭಿಸೋಣ” ಎಂದಳು.

ಬಾಗಿಲು ಹಾಕಿದವಳು ಅವಳೇ. ದಾರಿಯುದ್ದಕ್ಕೂ ಬೆಕ್ಕು ಕೂಗಿತು. ಬುಟ್ಟಿಗೆ ಬಟ್ಟೆ ಹೊದಿಸಿ ಅವಳು ಅದರ ಮೇಲೆ ಕೈಯಿಟ್ಟುಕೊಂಡಿದ್ದಳು. ವೈದ್ಯರು ಮಂಪರು ಬರಿಸಿ ಉರುಳನ್ನು ಕತ್ತರಿಸಿದರು, ಗಾಯಕ್ಕೆ ಔಷಧ ಹಚ್ಚಿದರು, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ರೇಬೀಸ್ ಲಸಿಕೆಯನ್ನೂ ಮುಗಿಸಿದರು. ಹತ್ತು ದಿನ ಅದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿತ್ತು. ಕಪಾಟಿನ ಅಡಿಯಿಂದ ಹೊರಗೆ ಬರಲಿಲ್ಲ. ಗಾಯ ಮಾಗಿದ ಮೇಲೆ ಕೋಟೆಗೆ ಒಯ್ದು ಬಿಟ್ಟೆವು. ತಿರುಗಿ ನೋಡದೆ ಓಡಿತು. ಮಳೆಯಲ್ಲಿ ಅದಕ್ಕೆ ತನ್ನ ಮನೆಯ ಜಗಲಿಯ ಮೂಲೆಯಲ್ಲಿ ಅನ್ನಮೀನು ಇಡುವೆನೆಂದು ಆ ಹಿರಿಯರು ಮಾತು ಕೊಟ್ಟರು.

ಆ ವೇಳೆಗೆ ಶಾಲೆ ತೆರೆದಿತ್ತು. ಶಿಕ್ಷಕರ ವಿಷಯದಲ್ಲಿ ಹೆತ್ತವರೆಲ್ಲ ಸೇರಿ ಬರೆದ ಮನವಿಗೆ ಉತ್ತರ ಇನ್ನೂ ಬಂದಿಲ್ಲ. ಅದನ್ನು ನಾನು ಬಿಡುವವನೂ ಅಲ್ಲ. ಕಾನೂನಿನಿಂದ ಆಗಬೇಕಾದುದು ಕಾನೂನಿನಿಂದಲೇ ಆಗಬೇಕು. ಆದರೆ ಸಂಜೆಯ ಪಾಟೀಸವಾಲನ್ನು ನಿಲ್ಲಿಸಿದ್ದೇನೆ. ಅವಳು ಬಂದಾಗ ಜಗಲಿಯಲ್ಲಿ ಕುಳಿತಿರುತ್ತೇನೆ, ಕೈಯಲ್ಲಿ ಕಡತವಿರುವುದಿಲ್ಲ. ಕೆಲವು ದಿನ ಅವಳು ಏನೂ ಹೇಳುವುದಿಲ್ಲ. ಜೂನ್ ಕೊನೆಯ ವಾರದಲ್ಲಿ ಒಂದು ದಿನ ತಾನಾಗಿಯೇ, “ಇವತ್ತು ಟೀಚರಿಗೆ ನಾನು ಒಂದು ಶಬ್ದ ಕಲಿಸಿದೆ” ಎಂದಳು. ಯಾವ ಶಬ್ದವೆಂದು ಕೇಳಲು ಬಾಯಿ ತೆರೆದವನು ತಡೆದುಕೊಂಡೆ. ಚೀಲ ಇಳಿಸಿ, ನೀರು ಕುಡಿದು, ಅವಳೇ ಹೇಳಿದಳು: “ಬೆಕ್ಕು.”

ಭಾನುವಾರಗಳಂದು ಮಳೆ ಬಿಟ್ಟಾಗ ನಾವು ಈಗಲೂ ಕೋಟೆಗೆ ಹೋಗುತ್ತೇವೆ. ಮುರಕಲ್ಲಿನ ಮೇಲೆಲ್ಲ ಪಾಚಿ ಹಸಿರಾಗಿದೆ, ಕೆಂಪು ನೀರು ತುಂಬಿದ ನದಿ ಕಡಲಿನಲ್ಲಿ ದೂರದವರೆಗೆ ಬಣ್ಣ ಬಿಡುತ್ತದೆ. ಬೆಕ್ಕು ಗೋಡೆಯ ಮೇಲೆ, ನಮ್ಮಿಂದ ಸುಮಾರು ಇಪ್ಪತ್ತು ಅಡಿ ದೂರದಲ್ಲಿ ಕುಳಿತಿರುತ್ತದೆ. ಅದರ ಕುತ್ತಿಗೆಯಲ್ಲಿ ಹೊಸ ರೋಮ ಮೂಡಿದೆ. ಮಗಳು ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಾಳೆ. ಕಳೆದ ವಾರ ಅದು ಹದಿನೈದು ಅಡಿಗೆ ಬಂದಿತ್ತು.