ರೋಗಾಣುವಿನ ಹಗೆ

ಬಿಳೇಕಹಳ್ಳಿಯ ನಮ್ಮ ನೆರೆಮನೆಯ ಹಿರಿಯರೊಬ್ಬರ ಕಾಲಿನ ಹುಣ್ಣು ಆರು ತಿಂಗಳಾದರೂ ಮಾಯಲಿಲ್ಲ. ಆಂಟಿಬಯಾಟಿಕ್‌ಗಳು ಒಂದರ ಹಿಂದೊಂದು ಸೋತವು. ಔಷಧಕ್ಕೆ ಬಗ್ಗದ ಇಂಥ ಬ್ಯಾಕ್ಟೀರಿಯಗಳಿಗೂ ಪ್ರಕೃತಿಯಲ್ಲಿ ಒಂದು ಹಗೆಯುಂಟೆಂಬುದು ಬಹುಮಂದಿಗೆ ತಿಳಿಯದು.

ಆ ಹಗೆಯೇ ಬ್ಯಾಕ್ಟೀರಿಯೊಫೇಜ್ ಎಂಬ ವೈರಸ್. 1917ರಲ್ಲಿ ಫೆಲಿಕ್ಸ್ ಡಿ’ಹೆರೆಲ್ ಇಟ್ಟ ಈ ಹೆಸರಿಗೆ ‘ಬ್ಯಾಕ್ಟೀರಿಯಭಕ್ಷಕ’ ಎಂದರ್ಥ. ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ಅದು ತಿನ್ನುವುದಿಲ್ಲ, ಕನ್ನ ಹಾಕುತ್ತದೆ. ತಲೆ, ಬಾಲ, ಜೇಡನ ಕಾಲಿನಂಥ ಎಳೆಗಳುಳ್ಳ ಟಿ4 ಎಂಬ ಫೇಜ್, ಬ್ಯಾಕ್ಟೀರಿಯದ ಮೈಮೇಲೆ ಕುಳಿತು, ಬಾಲದ ಮೂಲಕ ತನ್ನ ಡಿಎನ್‌ಎಯನ್ನು ಅದರೊಳಕ್ಕೆ ಇಳಿಸುತ್ತದೆ. ಅಲ್ಲಿಂದ ಮುಂದೆ ಮನೆಯೊಡೆಯನ ದುಡಿಮೆಯೆಲ್ಲ ಕಳ್ಳನ ಮಕ್ಕಳಿಗೆ! ಸುಮಾರು ಅರ್ಧ ಗಂಟೆಯಲ್ಲಿ ಬ್ಯಾಕ್ಟೀರಿಯ ಒಡೆದು ನೂರಕ್ಕೂ ಮಿಕ್ಕ ಮರಿ ಫೇಜ್‌ಗಳು ಹೊರಬೀಳುತ್ತವೆ. ನಮ್ಮ ಜೀವಕೋಶಗಳ ಗೋಜಿಗೆ ಅವು ಬರುವುದಿಲ್ಲ.

ಗಂಗೆಯ ನೀರಿನಲ್ಲಿ ಕಾಲರಾ ರೋಗಾಣುಗಳು ಕೆಲವೇ ಗಂಟೆಗಳಲ್ಲಿ ಸಾಯುವುದನ್ನೂ, ನೀರನ್ನು ಕುದಿಸಿದರೆ ಆ ಗುಣ ಅಳಿಯುವುದನ್ನೂ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ 1896ರಲ್ಲಿಯೇ ವರದಿಮಾಡಿದ್ದನು. ಅದು ಫೇಜ್‌ಗಳ ಕೆಲಸವಿರಬೇಕೆಂದು ಅನಂತರದವರು ಊಹಿಸಿದರು. ಡಿ’ಹೆರೆಲ್ 1927ರಲ್ಲಿ ಭಾರತಕ್ಕೇ ಬಂದು ಕಾಲರಾ ರೋಗಿಗಳಿಗೆ ಫೇಜ್ ಕುಡಿಸಿ ನೋಡಿದನು. ಪೆನಿಸಿಲಿನ್ ಬಂದ ಮೇಲೆ ಲೋಕ ಇದನ್ನು ಬಹುಮಟ್ಟಿಗೆ ಮರೆಯಿತು. ಜಾರ್ಜಿಯ ದೇಶದ ವೈದ್ಯರು ಮರೆಯಲಿಲ್ಲ. 2000ದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾದ ಗಂಗಾಜೆನ್ ಎಂಬ ಸಂಸ್ಥೆ, ಗಂಗೆಯ ಹೆಸರನ್ನು ಹೊತ್ತು, ಫೇಜ್‌ನಿಂದ ಪಡೆದ ಪ್ರೋಟೀನಿನ ಬಲದಿಂದ ಹಟಮಾರಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧವನ್ನು ರೂಪಿಸಹೊರಟಿತು.

ತೊಡಕೂ ಉಂಟು. ಒಂದು ಬಗೆಯ ಬ್ಯಾಕ್ಟೀರಿಯವನ್ನು ಕೊಲ್ಲುವ ಫೇಜ್ ಇನ್ನೊಂದನ್ನು ಮುಟ್ಟದು. ರೋಗಾಣು ಯಾವುದೆಂದು ಗುರುತಿಸಿ, ಅದಕ್ಕೆ ತಕ್ಕ ಫೇಜನ್ನು ಹುಡುಕಿ ತರಬೇಕು. ಹುಡುಕುವುದೆಲ್ಲಿ ಎನ್ನುವಿರಾ? ಹೆಚ್ಚಾಗಿ, ನಾವು ಮೂಗು ಮುಚ್ಚಿಕೊಂಡು ದಾಟುವ ಚರಂಡಿಯ ನೀರಿನಲ್ಲಿ.