ದೇಶ ಎರಡು, ನಾಡು ಒಂದು: ಬಿದಾಸೋವಾ ನದಿ

ನದಿಯ ನಡುವೆ ಒಂದು ಪುಟ್ಟ ದ್ವೀಪ. ಉದ್ದ ಸುಮಾರು 200 ಮೀಟರ್, ಅಗಲ 40 ಮೀಟರ್. ಫೆಬ್ರುವರಿ 1ರಿಂದ ಜುಲೈ 31ರವರೆಗೆ ಅದು ಸ್ಪೇನಿನ ಸುಪರ್ದಿಯಲ್ಲಿ. ಉಳಿದ ಆರು ತಿಂಗಳು ಫ್ರಾನ್ಸಿನ ಸುಪರ್ದಿಯಲ್ಲಿ! ಅಲ್ಲಿ ಯಾರೂ ವಾಸವಿಲ್ಲ. ಹೆಸರು ‘ಫೆಸೆಂಟ್ ಹಕ್ಕಿಗಳ ದ್ವೀಪ’, ಆದರೆ ಆ ಹಕ್ಕಿಗಳೂ ಇಲ್ಲ. ಈ ದ್ವೀಪವನ್ನು ಮಡಿಲಲ್ಲಿಟ್ಟುಕೊಂಡು ಹರಿಯುವ ನದಿಯೇ ಬಿದಾಸೋವಾ.

ಪಿರನೀಸ್ ಪರ್ವತಶ್ರೇಣಿಯ ಪಶ್ಚಿಮ ಅಂಚಿನಲ್ಲಿರುವ ಸ್ಪೇನಿನ ನವಾರ್ರಾ ಪ್ರಾಂತ ಇದರ ಉಗಮಸ್ಥಾನ. ನವಾರ್ರಾದ ಬಹುಪಾಲು ನೀರು ದಕ್ಷಿಣಕ್ಕೆ ಹರಿದು, ಎಬ್ರೊ ನದಿಯನ್ನು ಕೂಡಿ ಮೆಡಿಟರೇನಿಯನ್ ಸಮುದ್ರ ಸೇರುತ್ತದೆ. ಬಿದಾಸೋವಾ ಹಿಡಿಯುವುದು ಅಟ್ಲಾಂಟಿಕ್‌ನ ದಾರಿಯನ್ನು. ಮೇಲ್ಭಾಗದಲ್ಲಿ ಇದರ ಹೆಸರು ಬಸ್ತಾನ್. ಎಲಿಸೊಂಡೊ ಊರನ್ನು ಹಾದು, ದೊನೆಸ್ತೆಬೆಯ ಬಳಿ ಉತ್ತರಕ್ಕೆ ತಿರುಗುತ್ತದೆ. ಒಟ್ಟು ಉದ್ದ 70 ಕಿ.ಮೀ. ಮುಟ್ಟದು.

ಅಟ್ಲಾಂಟಿಕ್‌ನಿಂದ ಬೀಸುವ ತೇವದ ಗಾಳಿ ಈ ಬೆಟ್ಟಗಳಿಗೆ ತಡೆದು ಮಳೆ ಸುರಿಸುತ್ತದೆ. ಹಾಗಾಗಿ ಕಣಿವೆಯುದ್ದಕ್ಕೂ ಹಸಿರು ಹುಲ್ಲುಗಾವಲು, ಕುರಿಮಂದೆ. ಸಾಮನ್ ಮೀನುಗಳು ಮೊಟ್ಟೆಯಿಡಲು ಕಡಲಿನಿಂದ ನದಿಯನ್ನೇರಿ ಬರುತ್ತವೆ. ನದಿ ಬಿಸ್ಕೆ ಕೊಲ್ಲಿಯನ್ನು ಸೇರುವ ಚಿಂಗುದಿ ಅಳಿವೆಯಲ್ಲಿ ವಲಸೆ ಹಕ್ಕಿಗಳು ತಂಗುತ್ತವೆ.

ಕೊನೆಯ ಸುಮಾರು 10 ಕಿ.ಮೀ. ನದಿಯೇ ಗಡಿ. ಎಡದಡದಲ್ಲಿ ಸ್ಪೇನಿನ ಇರುನ್ ಮತ್ತು ಹೊಂದರಿಬಿಯಾ, ಬಲದಡದಲ್ಲಿ ಫ್ರಾನ್ಸಿನ ಹೆಂದಾಯ. ಆದರೆ ಎರಡು ದಡಗಳೂ ಬಾಸ್ಕ್ ನಾಡೇ. ಬಾಸ್ಕ್ ಭಾಷೆಗೆ ಸ್ಪ್ಯಾನಿಷ್, ಫ್ರೆಂಚ್‌ಗಳ ನಂಟಿಲ್ಲ. ಜಗತ್ತಿನ ಯಾವ ಭಾಷೆಯೊಡನೆಯೂ ಅದರ ಬಳಗ ಖಚಿತವಾಗಿಲ್ಲ. ನದಿಗೆ ‘ಇಬಾಯ್’ ಎನ್ನುವವರು ಎರಡೂ ದಡಗಳಲ್ಲಿದ್ದಾರೆ.

ಗಡಿಯ ಕತೆಯೂ ಹಳೆಯದು. 1659ರಲ್ಲಿ ಎರಡು ದೇಶಗಳು ಯುದ್ಧ ನಿಲ್ಲಿಸಿ ಶಾಂತಿ ಒಪ್ಪಂದ ಮಾಡಿಕೊಂಡದ್ದು ಇದೇ ದ್ವೀಪದಲ್ಲಿ. ಆರಾರು ತಿಂಗಳ ಸರದಿ ಆಮೇಲಿನ ಒಪ್ಪಂದಗಳಿಂದ ಬಂತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಕಣ್ಣು ತಪ್ಪಿಸಿ ಬಂದ ಮಿತ್ರಪಡೆಯ ವೈಮಾನಿಕರನ್ನು, ಬಾಸ್ಕ್ ಕಳ್ಳಸಾಗಣೆದಾರರು ರಾತ್ರಿಯಲ್ಲಿ ನದಿ ದಾಟಿಸಿದರು. 1943ರ ಡಿಸೆಂಬರಿನ ಒಂದು ರಾತ್ರಿ ಇಬ್ಬರು ಪ್ರವಾಹದಲ್ಲಿ ಕೊಚ್ಚಿಹೋದರು.

1995ರಲ್ಲಿ ಷೆಂಗೆನ್ ಒಪ್ಪಂದ ಜಾರಿಯಾಗಿ ಗಡಿ ತಪಾಸಣೆ ನಿಂತಿತು. ಜನ ಪಕ್ಕದ ಕೇರಿಗೆ ಹೋದಂತೆ ಓಡಾಡತೊಡಗಿದರು. ಆದರೆ 2015ರ ನವೆಂಬರಿನಲ್ಲಿ ಫ್ರಾನ್ಸ್ ತಪಾಸಣೆಯನ್ನು ಮತ್ತೆ ತಂದಿತು. ಸೇತುವೆಯಲ್ಲಿ ತಡೆಯಲ್ಪಟ್ಟ ಆಫ್ರಿಕದ ವಲಸಿಗರಲ್ಲಿ ಕೆಲವರು ಈಜಿ ದಾಟಲು ಹೊರಟರು. 2021ರಲ್ಲಿ ಹಾಗೆ ಹೊರಟ ಯುವಕರು ಮುಳುಗಿ ಸತ್ತರು. ದೂರದಿಂದ ಶಾಂತವಾಗಿ ಕಂಡರೂ ಇಲ್ಲಿ ಕಡಲಿನ ಉಬ್ಬರ ಇಳಿತದ ಸೆಳೆತವಿದೆ.

ಭೂಪಟದಲ್ಲಿ ಬಿದಾಸೋವಾವನ್ನು ಹುಡುಕಿದರೆ ಕೂದಲೆಳೆಯಷ್ಟು ನೀಲಿ ಗೆರೆ ಕಂಡೀತು. ಇರುನ್‌ನಿಂದ ಹೆಂದಾಯಕ್ಕೆ ಸೇತುವೆ ದಾಟಲು ಕಾಗದಪತ್ರ ಇದ್ದವರಿಗೆ ಕೆಲವೇ ನಿಮಿಷ ಸಾಕು.