ಹೌದು / ಇಲ್ಲ / ಅನ್ವಯಿಸುವುದಿಲ್ಲ

ಕನ್ನಡಿಗರಿಗೆ ಸಂಶೋಧನೆಯಲ್ಲಿ ಆಸಕ್ತಿ ಕಡಿಮೆ ಎಂದು ಕೊರಗುವವರು ಒಮ್ಮೆ ಮೈಸೂರಿನಲ್ಲಿ ಬಾಡಿಗೆ ರೂಮು ಹುಡುಕಿಕೊಂಡು ಓಡಾಡಬೇಕು. ‘ಟು-ಲೆಟ್’ ಬೋರ್ಡಿರುವ ಮನೆಯ ಗೇಟು ಕಿರ್ರೆಂದ ಕ್ಷಣದಿಂದಲೇ ಕ್ಷೇತ್ರಕಾರ್ಯ ಶುರು. ಜಾತಿ ಯಾವುದೆಂದು ಯಾರೂ ಕೇಳುವುದಿಲ್ಲ, ಅದು ಅಸಭ್ಯ. ‘ಯಾವ ಕಡೆಯವರಮ್ಮ?’ ಎಂದು ಜಿಲ್ಲೆಯಿಂದ ಹಿಡಿದು ತಾಲ್ಲೂಕಿಗೆ, ಅಲ್ಲಿಂದ ಊರಿಗೆ, ಊರಿನಲ್ಲಿ ಬೀದಿಗೆ ಇಳಿಯುತ್ತಾರೆ. ‘ಮನೆದೇವರು?’ ಎಂಬ ಪ್ರಶ್ನೆಗೆ ನಂಜುಂಡೇಶ್ವರ ಎಂದರೆ ಅವರಿಗೆ ಏನೂ ಗಿಟ್ಟುವುದಿಲ್ಲ, ಆ ಸ್ವಾಮಿ ಎಲ್ಲರಿಗೂ ಸೇರಿದವನು. ಮಂಟೇಸ್ವಾಮಿ ಎಂದರೆ ಹುಬ್ಬು ಕೊಂಚ ಏರುತ್ತದೆ. ಆಮೇಲೆ ತಂದೆಯ ಪೂರ್ತಿ ಹೆಸರು, ಭಾನುವಾರದ ಅಡುಗೆ. ಕೊನೆಗೆ, ‘ಅಯ್ಯೋ, ನಮ್ಮ ಯಜಮಾನರು ನಿನ್ನೆಯೇ ಯಾರಿಗೋ ಮಾತು ಕೊಟ್ಟುಬಿಟ್ಟಿದ್ದಾರಂತೆ’ ಎಂದರೆ ಫಲಿತಾಂಶ ಪ್ರಕಟವಾಯಿತು ಎಂದು ತಿಳಿಯಬೇಕು. ಪ್ರಶ್ನಾವಳಿ ಇಲ್ಲ, ಟೇಪ್ ರೆಕಾರ್ಡರ್ ಇಲ್ಲ, ಯುಜಿಸಿಯ ಫೆಲೋಶಿಪ್ಪೂ ಇಲ್ಲ.

ಆದ್ದರಿಂದ ಮಾನಸಗಂಗೋತ್ರಿಯ ಸಮಾಜಶಾಸ್ತ್ರ ಎಂ.ಎ. ತರಗತಿಯಲ್ಲಿ ‘ಪರೋಕ್ಷ ಸೂಚಕಗಳು’ ಎಂಬ ಪಾಠ ಬಂದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. (ಇಷ್ಟು ಓದುವ ಹೊತ್ತಿಗೆ ನನ್ನದು ಯಾವ ಜಾತಿ ಇರಬಹುದೆಂದು ನೀವೂ ಲೆಕ್ಕ ಹಾಕತೊಡಗಿದ್ದರೆ ಸಂಕೋಚ ಬೇಡ. ಅದು ನಮಗೆಲ್ಲ ತೊಟ್ಟಿಲಲ್ಲೇ ಆದ ಪಾಠ.)

ತರಗತಿಯಲ್ಲಿ ನಾವು ನಾನಾ ಕಡೆಯವರಿದ್ದೆವು. ಕಲಬುರಗಿಯವಳೊಬ್ಬಳು ನಮ್ಮ ಮಾತು ಕೇಳಿ, ‘ನೀವು ಮಾತಾಡ್ತೀರೋ ಹಾಡ್ತೀರೋ, ಒಂದೂ ತಿಳೀವಲ್ದು’ ಎನ್ನುತ್ತಿದ್ದಳು. ಬೈಲಕುಪ್ಪೆಯ ಟಿಬೆಟನ್ ಹುಡುಗಿ ಮಾತ್ರ ಪಿರಿಯಾಪಟ್ಟಣದ ಸಂತೆಯಲ್ಲಿ ಹುಟ್ಟಿ ಬೆಳೆದವಳ ಹಾಗೆ ‘ಅದೇನ್ ಕಣೇ’ ಎಂದು ಶುರು ಮಾಡುತ್ತಿದ್ದಳು. ಪಕ್ಕದ ವಿಭಾಗದಲ್ಲಿ ಯೆಮೆನ್ ದೇಶದವನೊಬ್ಬನಿದ್ದ, ಕ್ಯಾಂಟೀನಿನಲ್ಲಿ ‘ಒಂದು ಮಸಾಲೆ, ಖಾರ ಬೇಡ’ ಎಂಬಷ್ಟು ಕನ್ನಡವನ್ನು ಪರಿಪೂರ್ಣವಾಗಿ ಕಲಿತಿದ್ದ. ವೈವಿಧ್ಯದ ಪಾಠ ನಡೆದ ದಿನ ಎಲ್ಲರೂ ಕತ್ತು ತಿರುಗಿಸಿ ಟಿಬೆಟನ್ ಹುಡುಗಿಯನ್ನು ನೋಡಿ ಮುಗುಳ್ನಕ್ಕೆವು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಯಾರ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬ ಕಡೆಗೆ ಮಾತ್ರ ಯಾರ ಕತ್ತೂ ತಿರುಗಲಿಲ್ಲ. ದೂರದ ವೈವಿಧ್ಯ ಕಣ್ಣಿಗೆ ಹಬ್ಬ, ಹತ್ತಿರದ್ದಾದರೆ ಎಲ್ಲರಿಗೂ ಕತ್ತುನೋವು.

ಎರಡನೇ ವರ್ಷ ಕಿರುಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ‘ಜಾಗತೀಕರಣ ಮತ್ತು ಸಾಮಾಜಿಕ ನ್ಯಾಯ: ಒಂದು ಸಮಗ್ರ ಅಧ್ಯಯನ’. ಗೈಡ್ ಮೇಡಂ ಕೆಂಪು ಪೆನ್ನಿನಿಂದ ಮೊದಲು ‘ಸಮಗ್ರ’ವನ್ನು ಹೊಡೆದರು. ‘ಜಗತ್ತು ಎಲ್ಲಿಂದ ಎಲ್ಲಿಯವರೆಗೆ?’ ಎಂದು ಕೇಳಿದರು. ಮುಂದಿನ ಭೇಟಿಗೆ ಅದು ಭಾರತವಾಯಿತು, ಆಮೇಲೆ ಕರ್ನಾಟಕ, ಆಮೇಲೆ ಮೈಸೂರು ಜಿಲ್ಲೆ. ‘ಅಲ್ಲಿಗೆ ಹೋಗಿಬರಲು ಬಸ್ ಚಾರ್ಜು ನಿನ್ನ ಹತ್ತಿರ ಇದೆಯಾ?’ ಎಂಬ ಪ್ರಶ್ನೆ ಬಂದ ಮೇಲೆ ಜಗತ್ತು ನಂಜನಗೂಡು ತಾಲ್ಲೂಕಿನ ಆಯ್ದ ಶಾಲೆಗಳಿಗೆ ಇಳಿದು, ಆ ಶಾಲೆಗಳ ಅಡುಗೆಕೋಣೆಯಲ್ಲಿ ಬಂದು ನಿಂತಿತು. ಬಿಸಿಯೂಟದ ಅಡುಗೆಯವರು. ಇಷ್ಟು ಚಿಕ್ಕ ವಿಷಯದಲ್ಲಿ ನೂರು ಪುಟ ಹೇಗೆ ತುಂಬಿಸುವುದು ಎಂದು ನನಗೆ ಅಳು ಬಂದಿತ್ತು.

ಲೈಬ್ರರಿಯಲ್ಲಿ ಕೂತ ಮೇಲೆ ಗೊತ್ತಾಯಿತು, ಆ ಅಡುಗೆಕೋಣೆಗೆ ಸುಪ್ರೀಂ ಕೋರ್ಟು ನನಗಿಂತ ಮುಂಚೆಯೇ ಬಂದು ಹೋಗಿತ್ತು. ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರ್‌ನಲ್ಲಿ ಅದು ಹೇಳಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದ ಕಡೆಗೂ ಬಂತು. 2004ರ ಏಪ್ರಿಲ್‌ನ ಇನ್ನೊಂದು ಆದೇಶದಲ್ಲಿ, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂಬ ಮಾತು ಬಂತು. ಮೈಸೂರಿಗೆ ಇಂಥ ಆದೇಶಗಳ ಅಭ್ಯಾಸ ಹಳೆಯದು. ನಾಲ್ವಡಿಯವರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿ, ಏಳು ವರ್ಷದೊಳಗೆ ದೊಡ್ಡ ಹುದ್ದೆಗಳಲ್ಲಿ ಅರ್ಧ, ಚಿಕ್ಕ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದಿತ್ತು. ಆಗ ಎದ್ದ ಗುಲ್ಲು ದೊಡ್ಡದೇ. ಆದರೂ ಕಚೇರಿಯ ಕುರ್ಚಿ ಕೈ ಬದಲಾಯಿಸಿದ್ದನ್ನು ಊರು ಕ್ರಮೇಣ ನುಂಗಿಕೊಂಡಿತು. ಸೌಟು ಕೈ ಬದಲಾಯಿಸಿದ್ದು ಮಾತ್ರ ಗಂಟಲಲ್ಲೇ ನಿಂತಿದೆ. ಅಡುಗೆಯವರ ಜಾತಿಯ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಈಗಲೂ ಆಗಾಗ ಬರುತ್ತದೆ.

ಕ್ಷೇತ್ರಕಾರ್ಯಕ್ಕೆ ಹೊರಡುವ ಮುಂಚೆ ಮೈಸೂರಿನ ಸಮಾಜಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಎಂ.ಎನ್. ಶ್ರೀನಿವಾಸರಿಗೆ ಒಮ್ಮೆ ಕೈಮುಗಿಯುವುದು ವಾಡಿಕೆ. ಅವರು 1948ರಲ್ಲಿ ಅಡುಗೆಯವನನ್ನು ಜೊತೆಗೆ ಕರೆದುಕೊಂಡು ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಸ್ನಾನ ಮಾಡಿದ ಮೇಲೆ ಮುಖಕ್ಷೌರ ಮಾಡಿಕೊಂಡರೆಂದು ಊರಿನ ಹಿರಿಯರಿಂದ ಅನ್ನಿಸಿಕೊಂಡರು. ಬ್ರಾಹ್ಮಣ ಹೇಗಿರಬೇಕೆಂಬ ವಿಷಯದಲ್ಲಿ ಆಕ್ಸ್‌ಫರ್ಡಿನಿಂದ ಬಂದವರಿಗಿಂತ ಊರಿನವರಿಗೇ ಹೆಚ್ಚು ಖಚಿತವಿತ್ತು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಈ ಕಥೆ ಕೇಳಿದ ನಮ್ಮ ತರಗತಿಯವರು ಪೆನ್‌ಡ್ರೈವ್, ಇ-ಮೇಲ್, ಗೆಳತಿಯ ಲ್ಯಾಪ್‌ಟಾಪ್ ಎಂದು ಕಂಡ ಕಡೆಯೆಲ್ಲ ಕಿರುಪ್ರಬಂಧವನ್ನು ಬಚ್ಚಿಟ್ಟೆವು. ನೆನಪಿನಿಂದ ಬರೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನನಗೆ ಬೆಂಕಿಗಿಂತ ಹೆಚ್ಚು ಕಾಡಿದ್ದು ಬೇರೆ. ಊರನ್ನು ತಾನು ಹೆಚ್ಚಾಗಿ ಮೇಲುಜಾತಿಯವರ ನಡುವೆ ನಿಂತೇ ನೋಡಿದ್ದು, ಹೊಲಗೇರಿಯ ಕಡೆಯ ಓಡಾಟ ಸಲೀಸಾಗಿರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅಷ್ಟು ದೊಡ್ಡ ವಿದ್ವಾಂಸರು ನಡೆಯಲಾಗದ ಆ ನಾಲ್ಕು ಮಾರು ದೂರವನ್ನು ನಮ್ಮ ಕಲಬುರಗಿಯ ಹುಡುಗಿ ತನ್ನ ಊರಲ್ಲಿ ದಿನಾ ಶಾಲೆಗೆ ಹೋಗುವಾಗ ನಡೆದಿದ್ದಳು, ಆಚೆ ಕಡೆಯಿಂದ. ಅವಳ ಕಿರುಪ್ರಬಂಧಕ್ಕೆ ‘ವಸ್ತುನಿಷ್ಠತೆ ಸಾಲದು’ ಎಂಬ ಷರಾ ಬಂತು.

ಶಾಲೆಯ ಅಡುಗೆಕೋಣೆಯಲ್ಲಿ ನನಗೆ ಸಿಕ್ಕಿದ ಅಡುಗೆಯಮ್ಮ ಅರವತ್ತಕ್ಕೆ ಹತ್ತಿರದವರು. ಗೋಡೆಯ ಮೇಲೆ ಪ್ರಮಾಣದ ಪಟ್ಟಿ ಬರೆಸಿದ್ದರು: ಚಿಕ್ಕ ತರಗತಿಯ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ಆರನೆಯ ತರಗತಿಯಿಂದ ಮೇಲೆ 150 ಮತ್ತು 30. ಅವರು ಆ ಪಟ್ಟಿಯ ಕಡೆ ನೋಡಿದ್ದನ್ನು ನಾನು ಕಾಣೆ. ಪ್ರಾರ್ಥನೆಯ ಸಾಲು ಎಷ್ಟು ಉದ್ದವಿದೆ ಎಂದು ಬಾಗಿಲಿಂದ ಇಣುಕಿ ನೋಡಿ, ಒಳಗೆ ಬಂದು, ಅಲ್ಯೂಮಿನಿಯಂ ತಟ್ಟೆಯಿಂದ ಅಕ್ಕಿ ಮೊಗೆದು ಹಾಕುತ್ತಿದ್ದರು. ಬೆಂದ ಅಗುಳೊಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿ, ಬಿಳಿಯ ಗೆರೆ ಉಳಿದಿದ್ದರೆ ಇನ್ನೊಂದು ಗಳಿಗೆ ಬಿಡುತ್ತಿದ್ದರು.

ನಾನು ಪ್ರಶ್ನಾವಳಿ ಬಿಚ್ಚಿ ಓದಿದೆ: ‘ತಾವು ಸಿದ್ಧಪಡಿಸಿದ ಆಹಾರವನ್ನು ಶಾಲೆಯ ಎಲ್ಲ ಮಕ್ಕಳೂ ಸೇವಿಸುತ್ತಾರೆಯೇ?’

‘ಸೇವಿಸೋದು ಅಂದ್ರೆ?’

‘ಉಣ್ತಾರಾ ಅಂತ, ಅಮ್ಮ.’

‘ನೀನು ಉಂಡಿಯಾ?’

ಪ್ರಶ್ನಾವಳಿಯಲ್ಲಿ ಇದಕ್ಕೆ ಜಾಗ ಇರಲಿಲ್ಲ. ಮಕ್ಕಳ ಸಾಲಿನ ಕೊನೆಯಲ್ಲಿ ಕೂತು ಉಂಡೆ. ಎರಡನೇ ಸಲ ಅನ್ನ ಬಡಿಸುವಾಗ, ‘ಈಗ ಕೇಳವ್ವ’ ಎಂದರು.

ಕೇಳುವ ಅಗತ್ಯವೇ ಬೀಳಲಿಲ್ಲ, ಅವರೇ ಹೇಳಿದರು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೆಲವು ಮನೆಯ ಮಕ್ಕಳು ಕ್ಯಾರಿಯರ್ ತಂದು ಹೊಂಗೆಮರದ ಕೆಳಗೆ ಕೂರುತ್ತಿದ್ದವಂತೆ. ಇನ್ನು ಕೆಲವಕ್ಕೆ ಹೊಟ್ಟೆನೋವು ಎಂದು ಮನೆಯಿಂದ ಚೀಟಿ ಬರುತ್ತಿತ್ತಂತೆ. ‘ಸ್ಯಾನೆ ದಿವ್ಸ ಅದೇ ಹೈಕಳಿಗೇ ಹೊಟ್ಟೆನೋವು ಕಣವ್ವ. ಊರಲ್ಲಿ ಬ್ಯಾರೆ ಯಾರಿಗೂ ಇಲ್ಲ.’

‘ಆಮೇಲೆ ಹೇಗೆ ಸರಿಹೋಯಿತು? ಅಧಿಕಾರಿಗಳು ಬಂದು ಬುದ್ಧಿ ಹೇಳಿದರಾ?’

‘ಅವರೂ ಬಂದ್ರು, ಯೋಳಿದ್ರು, ಓದ್ರು. ಹೈಕಳಿಗೆ ಹೊಟ್ಟೆ ಹಸೀತು, ಬಂದು ಉಂಡೋ. ಸಾರಿನ ವಾಸ್ನೆಗೆ ಯಾವ ಜಾತಿ ಅಂತ ಮೂಗಿಗೆ ಗೊತ್ತಾದದಾ?’

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. ಈಗಲೂ ಒಂದು ಮಗು ದಿನಾ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತದೆ, ಅನ್ನ ಹಾಕಿಸಿಕೊಳ್ಳುತ್ತದೆ, ಕಲಸುತ್ತದೆ, ಉಣ್ಣುವುದಿಲ್ಲ. ಮನೆಯಲ್ಲಿ ಆಣೆ ಹಾಕಿಸಿದ್ದಾರಂತೆ. ಲೆಕ್ಕದ ಪುಸ್ತಕದಲ್ಲಿ ಆ ಮಗು ಊಟ ಮಾಡಿದೆ. ನಾನು ಪೆನ್ಸಿಲ್ ಹಿಡಿದು ‘ಹೌದು’, ‘ಇಲ್ಲ’, ‘ಅನ್ವಯಿಸುವುದಿಲ್ಲ’ ಎಂಬ ಮೂರು ಚೌಕಗಳನ್ನು ಬಹಳ ಹೊತ್ತು ನೋಡಿದೆ. ಅಲ್ಲೇ ಗೋಡೆಗೆ ನೇತುಹಾಕಿದ್ದ ಇನ್ನೊಂದು ವಹಿಯಿತ್ತು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಊಟದ ರುಚಿ ನೋಡಿ ಸಹಿ ಮಾಡಬೇಕೆಂಬುದು ನಿಯಮ. ಪುಟ ಮಗುಚಿದೆ, ಒಂದು ದಿನವೂ ಸಹಿ ತಪ್ಪಿರಲಿಲ್ಲ. ಇದಕ್ಕಿಂತ ಗಟ್ಟಿಯಾದ ಪ್ರಾಥಮಿಕ ಆಕರ ಉಂಟೇ ಎಂದು ಉತ್ಸಾಹದಿಂದ ನಕಲು ಮಾಡಿಕೊಳ್ಳುತ್ತಿದ್ದೆ. ಅಡುಗೆಯಮ್ಮ ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಾ, ‘ಸಹಿ ಎಲ್ರೂ ಹಾಕ್ತಾರೆ’ ಎಂದರು, ‘ಎಲ್ರೂ’ ಎಂಬುದನ್ನು ಕೊಂಚ ಎಳೆದು. ಆಕರಗಳ ವಿಮರ್ಶೆ ಕುರಿತು ನಾನು ಓದಿದ ಯಾವ ದಪ್ಪ ಪುಸ್ತಕದಲ್ಲೂ ಆ ಎಳೆತದಷ್ಟು ಅರ್ಥ ಸಿಗಲಿಲ್ಲ.

ಜಾತಿಯ ಕಾಲಂ ಬಂತು. ‘ಎಕೆ’ ಎಂದರು. ಆದಿ ಕರ್ನಾಟಕ. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಹೆಸರುಗಳಿವೆ. ಅದರಲ್ಲಿ ಈ ಹೆಸರಿನ ಕೆಳಗೆ ಎಡಗೈಯವರೂ ಬಲಗೈಯವರೂ ತಲೆಮಾರುಗಳಿಂದ ಬರೆಸಿಕೊಂಡು ಬಂದಿದ್ದಾರೆ. ಒಳಮೀಸಲಾತಿಯ ಲೆಕ್ಕ ಹಾಕಲು ಕೂತವರಿಗೆಲ್ಲ ಬಿಡಿಸಲಾಗದ ಗಂಟಾದದ್ದು ಇದೇ ಹೆಸರು. ‘ಅದರಲ್ಲಿ ಯಾವುದಮ್ಮ?’ ಎಂದು ಕೇಳಿದೆ. ಅವರು ಹೇಳಿದರು. ಹೇಳಿ, ‘ನೀನು ಯಾವ ಜನ?’ ಎಂದರು. ಜಿಲ್ಲೆ, ತಾಲ್ಲೂಕು, ಮನೆದೇವರು ಯಾವುದರ ಮೇಲೂ ಸುತ್ತಿಬಳಸದೆ ನನ್ನ ಜಾತಿ ಕೇಳಿದ ಮೊದಲ ಮನುಷ್ಯರು ಅವರೇ. ನಾನೂ ನೇರವಾಗಿ ಹೇಳಿದೆ. ‘ಓ’ ಎಂದು ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಆ ಸೌಟು ಬಿದ್ದದ್ದು ನನ್ನ ಜಾತಿಗೋ ಖಾಲಿ ತಟ್ಟೆಗೋ ಎಂಬುದನ್ನು ವಿಧಾನದ ಅಧ್ಯಾಯದಲ್ಲಿ ಚರ್ಚಿಸಿಲ್ಲ.

ಕಿರುಪ್ರಬಂಧ ಮುಗಿಯಿತು, ಮೌಖಿಕ ಪರೀಕ್ಷೆಯೂ ಮುಗಿಯಿತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ಸಮಾನತೆಯ ಬಗ್ಗೆ ಜಗಳವಾಡಿದ್ದ ನಾವೆಲ್ಲ ಚದುರಿಹೋದೆವು. ಕಲಬುರಗಿಯವಳು ಈಗ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಫೋನ್ ಮಾಡಿದರೆ ‘ವಸ್ತುನಿಷ್ಠ ಆರಾಮ ಅದೀನಿ’ ಎನ್ನುತ್ತಾಳೆ. ಬೈಲಕುಪ್ಪೆಯವಳು ಕೆನಡಾಕ್ಕೆ ಹೋದಳು, ಅಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅವಳ ‘ಕಣೇ’ ಕೇಳಿ ಜನ ಬೆರಗಾದರಂತೆ.

ನಾನು ಒಂದು ಪ್ರತಿ ಹಿಡಿದುಕೊಂಡು ಶಾಲೆಗೆ ಹೋದೆ. ಮರೂನ್ ರೆಕ್ಸಿನ್ ರಟ್ಟು, ಬಂಗಾರದ ಅಕ್ಷರ. ಅಡುಗೆಯಮ್ಮ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಅಕ್ಷರ ಕೂಡಿಸಿ ಓದುತ್ತಿದ್ದರು.

‘ನನ್ನ ಹೆಸರು ಎಲ್ಲದೆ?’

ಪುಟ ತೆಗೆದು ತೋರಿಸಿದೆ: ‘ಮಾಹಿತಿದಾರರು 14’.

‘ಇದು ನಾನಾ?’

ಹೆಸರು ಹಾಕಿದರೆ ಅವರಿಗೆ ತೊಂದರೆಯಾಗಬಹುದು, ಕೆಲಸಕ್ಕೆ ಕುತ್ತು ಬರಬಹುದು, ಸಂಶೋಧನೆಯಲ್ಲಿ ಹೀಗೆ ಮರೆಮಾಚುವುದು ನಿಯಮ ಎಂದೆಲ್ಲ ವಿವರಿಸಿದೆ. ಶ್ರೀನಿವಾಸರು ಇಡೀ ಊರಿನ ಹೆಸರನ್ನೇ ಬದಲಾಯಿಸಿ ರಾಂಪುರ ಎಂದು ಬರೆದದ್ದನ್ನೂ ಹೇಳಿದೆ. ನಿಯಮ ಸರಿಯಾದದ್ದೇ. ಈಗಲೂ ನನ್ನ ಅಭಿಪ್ರಾಯ ಅದೇ.

‘ತೊಂದ್ರೆ ಆಗೋದಾಗಿದ್ರೆ ಸೌಟು ಹಿಡ್ದ ದಿವ್ಸವೇ ಆಗಿರೋದು ಬುಡು’ ಎಂದು ಅವರು ಹಿಂದಕ್ಕೆ ಪುಟ ತಿರುವಿದರು. ಕೃತಜ್ಞತೆಯ ಪುಟದಲ್ಲಿ ಬೆರಳು ನಿಂತಿತು. ‘ಇವೆಲ್ಲ ಯಾರವು?’

ಗೈಡ್ ಮೇಡಂ, ವಿಭಾಗದ ಮುಖ್ಯಸ್ಥರು, ಗ್ರಂಥಪಾಲಕರು, ಗೆಳತಿಯರು, ಅಂದವಾಗಿ ಡಿಟಿಪಿ ಮಾಡಿಕೊಟ್ಟವರು ಎಂದು ಒಂದೊಂದನ್ನೇ ಓದಿದೆ.

‘ಟೈಪು ಹೊಡ್ದೋನ್ದು ಅದೆ, ಅನ್ನ ಇಕ್ಕಿದೋಳ್ದು ಇಲ್ಲ’ ಎಂದರು. ಸಿಟ್ಟೇನೂ ಇರಲಿಲ್ಲ, ಲೆಕ್ಕ ತಪ್ಪಿದ್ದನ್ನು ತೋರಿಸುವಂತೆ ಹೇಳಿದರು.

ಬ್ಯಾಗಿನಿಂದ ಪೆನ್ನು ತೆಗೆದೆ. ಡಿಟಿಪಿಯವನ ಹೆಸರಿನ ಮೇಲುಗಡೆಯೇ ಬರೆಯಬೇಕೆಂದು ಜಾಗ ತೋರಿಸಿದರು. ಬರೆದೆ. ಇನಿಷಿಯಲ್ ಬಿಟ್ಟುಹೋಗಿದೆಯೆಂದು ಹೊಡೆದುಹಾಕಿಸಿ ಮತ್ತೆ ಬರೆಸಿದರು. ವಿಭಾಗಕ್ಕೆ ಒಪ್ಪಿಸಿದ ಪ್ರತಿಯಲ್ಲಿ ಆ ಸಾಲು ಇಲ್ಲ. ನಿಯಮದ ಪ್ರಕಾರ ಇಲ್ಲಿಯೂ ಹಾಕುವಂತಿಲ್ಲ. ಈ ಪತ್ರಿಕೆ ಹೇಗಾದರೂ ಅವರ ಕೈಗೆ ಸಿಕ್ಕಿಬಿಟ್ಟರೆ ನನಗೆ ಇನ್ನೊಂದು ಸುತ್ತು ಬೈಗುಳ ಕಾದಿದೆ.